ಯಾವ ಸಿನೆಮಾ ನೋಡೂಣು? ಒಬ್ಬ ಡೊಳ್ಳಿನ ಹಾಡುಗಾರನ ಲೆಕ್ಕ

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಸಿನೆಮಾದ ಮಾತು ಬಂದರೆ ಮೊದಲು ಕೇಳುವುದು "ಹೆಂಗೈತಿ?" ಅಂತಲ್ಲ, "ಯಾವ ಭಾಷಾದಾಗ ಐತಿ?" ಅಂತ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಹುಡುಗರ ಮೊಬೈಲಿನಲ್ಲಿ ಹಿಂದಿ. ಮೂರೂ ತಿಳಿಯುತ್ತವೆ. ತಿಳಿಯುವುದು ಬ್ಯಾರೆ, ಎದಿಗೆ ಹತ್ತೂದು ಬ್ಯಾರೆ.

ನಾನು ಓದಿದ್ದು ಏಳನೇ ಇಯತ್ತೆ. ನಲವತ್ತು ವರ್ಷದಿಂದ ಹೊಲ ಮಾಡಿಕೊಂಡು ಡೊಳ್ಳಿನ ಪದ ಹಾಡುತ್ತ ಬಂದವನು. ಸಿನೆಮಾದ ಕ್ಯಾಮರಾ ವಿಚಾರ ನನಗ ಗೊತ್ತಿಲ್ಲ, ಅದನ್ನ ಬರೆಯೂದೂ ಇಲ್ಲ. ಆದರೆ ರಾತ್ರಿ ಎಲ್ಲಾ ಮಂದಿಯನ್ನು ಕೂಡಿಸಿಕೊಂಡು ಹಾಡುವವನಿಗೆ ಒಂದು ಮಾತು ಗೊತ್ತಿರುತ್ತದೆ: ಮಂದಿ ಯಾವಾಗ ಏಳುತ್ತಾರೆ, ಯಾವಾಗ ಕೂಡುತ್ತಾರೆ. ಹಾಡಕಿಯಲ್ಲಿ ಎರಡು ಮೇಳ ಎದುರುಬದುರು ನಿಂತಿರುತ್ತವೆ. ಒಬ್ಬರು ಸವಾಲ್ ಹಾಕಿದರೆ ಇನ್ನೊಬ್ಬರು ಜವಾಬ್ ಕೊಡಬೇಕು. ಉತ್ತರ ಹಳಸಿದ್ದಾದರೆ ಮುಂದ ಕುಂತ ಮುದುಕ ಅಲ್ಲೇ "ಇದು ಜವಾಬ್ ಅಲ್ಲ ಬಿಡಪಾ" ಅಂತಾನ. ಛಲೋ ಬಂತಂದ್ರ ಹತ್ತು ರೂಪಾಯಿ ನೋಟು ಅಂಗಿಗೆ ಹಚ್ಚುತ್ತಾನೆ. ಸಿನೆಮಾಕ್ಕೆ ಹಂಗಿಲ್ಲ. ನಾವು ಏನೇ ಅಂದರೂ ಅದು ತನ್ನ ಪಾಡಿಗೆ ತಾನು ಓಡುತ್ತದೆ. ಅದಕ್ಕೇ ನೋಡಿದ ಮೇಲಾದರೂ ಕಟ್ಟಿಗೆ ಕುಂತು ಮಾತಾಡಬೇಕು ಅನ್ನುವುದು ನನ್ನ ಹಟ. ಈ ಬ್ಯಾಸಗಿಯಲ್ಲಿ ಹೊಲದ ಕೆಲಸ ಕಡಿಮೆ ಇದ್ದಾಗ ಮೊಮ್ಮಗನ ಕೈಲೆ ಹಚ್ಚಿಸಿಕೊಂಡು ನಾಕೈದು ಸಿನೆಮಾ ನೋಡಿದೆ. ಹೊಸವೂ ಅಲ್ಲ, ಬಹಳ ಹಳೆಯವೂ ಅಲ್ಲ. ಅವುಗಳ ಲೆಕ್ಕ ಇಲ್ಲಿ ಬರೆದಿದ್ದೇನೆ.

ಮೊದಲಿಗೆ 'ಡೊಳ್ಳು'. ಹೆಸರು ಕೇಳಿದ ಕೂಡಲೇ ಆರಿಸಿದೆ, ಬ್ಯಾರೆ ಕಾರಣ ಬೇಕಾಗಲಿಲ್ಲ. ಸಾಗರ್ ಪುರಾಣಿಕ ಅವರು ನಿರ್ದೇಶನ ಮಾಡಿದ ಈ ಚಿತ್ರ 2022ರಲ್ಲಿ ಬಂತು, ರಾಷ್ಟ್ರಪ್ರಶಸ್ತಿಯಲ್ಲಿ ಉತ್ತಮ ಕನ್ನಡ ಚಿತ್ರ ಅನ್ನಿಸಿಕೊಂಡಿತು. ಡೊಳ್ಳು ಬಾರಿಸುವ ಹುಡುಗರ ತಂಡ ಒಂದು. ಊರಲ್ಲಿ ಹೊಟ್ಟೆ ತುಂಬುವುದಿಲ್ಲ, ಒಬ್ಬೊಬ್ಬರೇ ಬೆಂಗಳೂರಿಗೆ ಹೋಗುತ್ತಾರೆ. ತಂಡದ ಮುಂದಾಳು ಭದ್ರ ಅವರ ಬೆನ್ನು ಹತ್ತುತ್ತಾನೆ. ಕೊನೆಗೆ ಏನಾಗುತ್ತದೆ ಅಂತ ಹೇಳುವುದಿಲ್ಲ, ನೋಡುವವರಿಗೆ ಬಿಟ್ಟೆ.

ಕಥೆ ನಮ್ಮದೇ. ನಮ್ಮ ಮೇಳದಲ್ಲಿ ಹನ್ನೆರಡು ಮಂದಿ ಇದ್ದೆವು, ಈಗ ಐದು. ಉಳಿದವರು ಪುಣೆ, ಸಾಂಗಲಿ ಕಡೆ ಕೆಲಸಕ್ಕೆ ಹೋಗಿದ್ದಾರೆ. ಅವರು ಹೋದದ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ, ದಾಳಿಂಬರಿ ಗಿಡಕ್ಕೆ ರೋಗ ಬಿದ್ದಾಗ ಡೊಳ್ಳು ಸಾಲ ತೀರಿಸುವುದಿಲ್ಲ. ಚಿತ್ರ ಈ ನೋವನ್ನು ಹಿಡಿದದ್ದಕ್ಕೆ ನನ್ನ ನಮಸ್ಕಾರ. ಆದರೆ ಒಂದು ತಕರಾರು. ಅಲ್ಲಿ ಡೊಳ್ಳು ಅಂದರೆ ಕುಣಿತ. ಕಣ್ಣಿಗೆ ಚಂದ, ಹಾರುತ್ತಾರೆ, ತಿರುಗುತ್ತಾರೆ. ನಮ್ಮ ಸೀಮೆಯಲ್ಲಿ ಡೊಳ್ಳು ಅಂದರೆ ಪದ. ಬೀರಪ್ಪನ ಕಥೆ, ಮಾಳಿಂಗರಾಯನ ಕಥೆ ರಾತ್ರಿ ಒಂಬತ್ತಕ್ಕೆ ಹಿಡಿದರೆ ಚಿಕ್ಕಿ ಮುಳುಗುವತನಕ ನಡೆಯಬೇಕು. ಅದರಲ್ಲಿ ಹೋಗುವುದು ಬರೇ ಬಾರಿಸುವ ಕೈ ಅಲ್ಲ, ನೆನಪು. ಕುಣಿತ ಕಲಿಯಲಿಕ್ಕೆ ಒಂದು ವರ್ಷ ಸಾಕು. ಕಥೆ ಬಾಯಿಪಾಠ ಆಗಲಿಕ್ಕೆ ಅರ್ಧ ಜಲ್ಮ ಬೇಕು. ಇಂಥ ಡೊಳ್ಳಿನ ಸಿನೆಮಾ ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಈ ಚಿತ್ರಕ್ಕೆ ಶಬ್ದಗ್ರಹಣದ ರಾಷ್ಟ್ರಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಇದ್ದದ್ದು ಚಿತ್ರೀಕರಣದ ಜಾಗದಲ್ಲೇ ಶಬ್ದ ಹಿಡಿದ ಸಿನೆಮಾಗಳಿಗೆ. ಆದರೆ ಈ ಚಿತ್ರಕ್ಕೆ ಶಬ್ದದ ಕೆಲಸ ಮಾಡಿದವರೇ, ಇದು ಹಂಗ ಹಿಡಿದದ್ದಲ್ಲ, ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿದ್ದು ಅಂತ ಬಹಿರಂಗವಾಗಿ ಹೇಳಿದರು. ದೊಡ್ಡ ಸುದ್ದಿ ಆಯಿತು. ಪ್ರಶಸ್ತಿ ಕೊಟ್ಟವರು ಏನು ಕೇಳಿಸಿಕೊಂಡು ಕೊಟ್ಟರೋ ಏನೋ. ನನಗೆ ಚಿಂತೆ ಪ್ರಶಸ್ತಿಯದಲ್ಲ. ಡೊಳ್ಳಿನ ನಾದ ಬಯಲಿನದು. ಮಳೆಗಾಲದಲ್ಲಿ ತೊಗಲು ಸಡಿಲಾಗಿ ಗುಂಯ್ ಅನ್ನುತ್ತದೆ, ಬೆಂಕಿಗೆ ಹಿಡಿದರೆ ಮತ್ತೆ ಬಿಗಿಯುತ್ತದೆ. ಗಾಳಿ ತೆಂಕಲಿಂದ ಬಂದರೆ ಬಡಗಲ ಊರಿಗೆ ಕೇಳುತ್ತದೆ. ಈ ಏರಿಳಿತ ಚಿತ್ರದಲ್ಲಿ ನನಗೆ ಸಿಗಲಿಲ್ಲ. ಎಲ್ಲಾ ಹೊತ್ತೂ ಒಂದೇ ಬಿಗಿ, ಒಂದೇ ಗಡಸು. ಡೊಳ್ಳಿನ ಹೆಸರಿನ ಸಿನೆಮಾದಲ್ಲಿ ಇದು ಸಣ್ಣ ಕೊರತೆ ಅಲ್ಲರೀ.

'ಕಾಂತಾರ'ದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಚುಟುಕಾಗಿ ಹೇಳುತ್ತೇನೆ. ರಿಷಭ್ ಶೆಟ್ಟರು ಕೊನೆಯ ಭಾಗದಲ್ಲಿ ಮೈಮೇಲೆ ತಂದುಕೊಂಡದ್ದು ನಟನೆ ಅಂತ ನನಗೂ ಅನ್ನಿಸಲಿಲ್ಲ. ನಮ್ಮ ಪೂಜಾರಿ ಹೇಳಿಕಿ ಹೇಳುವಾಗ ಬರುವ ನಡುಕ ಅಲ್ಲಿತ್ತು. ಅದು ಕರಾವಳಿಯ ಮಂದಿಯ ದೈವ, ಕಾಸರಗೋಡಿನವರಿಗೂ ಗೊತ್ತಿರುವ ದೈವ, ನಮಗೆ ದೂರ. ಆದರೂ ಜಮೀನಿನ ಜಗಳ ನಮಗೆ ಹತ್ತಿರ. ಕಾಡಿನ ಸರಕಾರಿ ಬೇಲಿ ಹಾಕುವ ಕೆಲಸಕ್ಕೆ ಅದೇ ಊರಿನ ಹುಡುಗಿ ಲೀಲಾಳೇ ಯುನಿಫಾರ್ಮ್ ಹಾಕಿಕೊಂಡು ನಿಲ್ಲಬೇಕಾಗುತ್ತದೆ. ಚಿತ್ರದೊಳಗ ನನಗ ಎಲ್ಲಕ್ಕಿಂತ ಖರೆ ಅನ್ನಿಸಿದ್ದು ಆ ಹೆಣ್ಣುಮಗಳ ಮುಖ. ಅದನ್ನು ಬೆಳೆಸದೇ ಬಿಟ್ಟು, ನಾಯಕ ಅವಳ ಸೊಂಟ ಚಿವುಟುವುದನ್ನು ಪ್ರೀತಿ ಅಂತ ತೋರಿಸಿದರು. ನನ್ನ ಸೊಸೆ ಅಲ್ಲಿಗೇ ಎದ್ದು ರೊಟ್ಟಿ ಬಡಿಯಲಿಕ್ಕೆ ಹೋದಳು. ಅದೇ ಅವಳ ವಿಮರ್ಶೆ, ನನ್ನದೂ ಅದಕ್ಕಿಂತ ಬ್ಯಾರೆ ಇಲ್ಲ.

ಈ ಸಿನೆಮಾದಿಂದ ಒಂದು ಒಳ್ಳೆಯದಾಯಿತು. ಅದು ಬಂದ ತಿಂಗಳೊಪ್ಪತ್ತಿನಲ್ಲೇ ಕರ್ನಾಟಕ ಸರಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತೇವೆ ಅಂತ ಸಾರಿತು. ಹಾಡಿಕೆಯ ಮಂದಿಗೆ ಸಿನೆಮಾ ಬಂದಮೇಲೆ ನೆನಪು ಮಾಡಿಕೊಳ್ಳುವುದು ಎಂಥ ರೀತಿ ಅಂತ ನಗು ಬಂತು, ಆದರೂ ಬಂದ ರೊಕ್ಕ ರೊಕ್ಕವೇ. ಕೆಟ್ಟದ್ದೂ ಆಯಿತು. ಊರಿನ ಹುಡುಗರು ಗಲ್ಲಿಯಲ್ಲಿ ಬಾಯಿ ತೆರೆದು "ಓ" ಅಂತ ಕೂಗಲಿಕ್ಕೆ ಹತ್ತಿದರು. ತಮ್ಮಾ, ನಿನ್ನ ಅಜ್ಜ ಬೀರಪ್ಪನ ಮುಂದ ಹಿಂಗ ಆಟ ಆಡತಿದ್ದನೇನು ಅಂತ ಒಬ್ಬನಿಗೆ ಕೇಳಿದೆ. ಮೊಬೈಲ್ ಕಿಸೆಯಲ್ಲಿಟ್ಟುಕೊಂಡು ಹೋದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮರಾಠಿಯ 'ಸೈರಾಟ್' ನಮ್ಮ ಊರಲ್ಲಿ ನೋಡದವರೇ ಇಲ್ಲ. 2016ರದು. ನಾಗರಾಜ ಮಂಜುಳೆ ಸೋಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನವರು, ಅಂದರೆ ನಮ್ಮ ಮಗ್ಗಲು ಜಿಲ್ಲೆ. ಆರ್ಚಿಯ ಪಾತ್ರದ ರಿಂಕೂ ರಾಜಗುರು ಅಕಲೂಜದ ಹುಡುಗಿ. ಮಂದಿಗೆ ನೆನಪಿರುವುದು ಝಿಂಗಾಟ್ ಹಾಡು, ಲಗ್ನದ ಮೆರವಣಿಗೆ ಅದಿಲ್ಲದೇ ಹೊರಡುವುದಿಲ್ಲ. ನನಗೆ ನೆನಪಿರುವುದು ಕೊನೆ. ಮೂರು ತಾಸು ಅಷ್ಟು ಹಾಡು, ಅಷ್ಟು ವಾದ್ಯ. ಅಮೇರಿಕಾದಲ್ಲಿ ನುಡಿಸಿ ತಂದ ವಾದ್ಯ ಅಂತಾರ. ಕೊನೆಗೆ ಸಣ್ಣ ಕೂಸು ಅಳುತ್ತ ರಕ್ತದ ಹೆಜ್ಜೆ ಇಟ್ಟು ನಡೆಯುವಾಗ ಒಂದೇ ಒಂದು ಸದ್ದಿಲ್ಲ. ಅಳುವ ದನಿಯನ್ನೂ ತೆಗೆದುಬಿಟ್ಟಿದ್ದಾರೆ. ಹಾಡುವವನಿಗೆ ಗೊತ್ತು, ಡೊಳ್ಳನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಬಾರಿಸುವುದಕ್ಕಿಂತ ಬಿರಿ. ಆ ಮಂಜುಳೆಗೆ ಗೊತ್ತಿತ್ತು.

ಆದರೆ ಸೈರಾಟ್ ನನ್ನನ್ನು ಕಾಡಿದ್ದು ಇನ್ನೊಂದು ಕಾರಣಕ್ಕೆ. ಅಲ್ಲಿ ಮಾತಾಡುವ ಮರಾಠಿ ಪುಣೆಯ ಮರಾಠಿ ಅಲ್ಲ. ಕಬ್ಬಿನ ಹೊಲದ, ಬಾವಿ ದಂಡೆಯ ಮರಾಠಿ. ನಮ್ಮ ಬಜಾರದಲ್ಲಿ ಕೇಳುವ ಮರಾಠಿ. ಆ ಮಾತಿನಲ್ಲಿ ಹುಡುಗಿ ಪ್ರೀತಿ ಮಾಡುತ್ತಾಳೆ, ಬೈಯುತ್ತಾಳೆ, ಬುಲೆಟ್ ಗಾಡಿ ಹೊಡೆಯುತ್ತಾಳೆ, ಹೈದರಾಬಾದಿನಲ್ಲಿ ತೆಲುಗು ಕಲಿತು ದುಡಿಯುತ್ತಾಳೆ. ಯಾರೂ ನಗಲಿಲ್ಲ, ಅತ್ತರು. ಅದೇ ಸೀಮೆಯಲ್ಲಿ ನಾವು ಆಡುವ ಕನ್ನಡ ಐತಲ್ಲ, ಅದು ಕನ್ನಡ ಸಿನೆಮಾದಲ್ಲಿ ಯಾವಾಗ ಬರುತ್ತದೆ? ಬರುತ್ತದೆ. ನಾಯಕನ ಹಿಂದ ಓಡುವ ದಡ್ಡನ ಬಾಯಲ್ಲಿ ಬರುತ್ತದೆ, ಇಲ್ಲಾ ಬೈಯುವ ಮುದುಕಿಯ ಬಾಯಲ್ಲಿ. ನಮ್ಮ ಮಾತು ನಗಸಾಕ ಬರತೈತಿ, ಅಳಸಾಕ ಬರಂಗಿಲ್ಲ. 'ನಾಗಮಂಡಲ'ದಂಥ ಒಂದೆರಡು ಬಿಟ್ಟರೆ ನಮ್ಮ ಕಡೆಯ ಕನ್ನಡದಲ್ಲಿ ಹೆಣ್ಣೊಬ್ಬಳು ತನ್ನ ಸಂಕಟ ಹೇಳಿಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಅದು ಬಂದು ಎಷ್ಟು ವರ್ಷವಾಯಿತು, 1997ರದು.

ಸೈರಾಟನ್ನೇ ಕನ್ನಡದಲ್ಲಿ 'ಮನಸು ಮಲ್ಲಿಗೆ' ಅಂತ ಮಾಡಿದರು, 2017ರಲ್ಲಿ, ಎಸ್. ನಾರಾಯಣ್ ಅವರು. ಕನ್ನಡದಲ್ಲಿ ಬಂತು ಅಂತ ಆಸೆಯಿಂದ ನೋಡಿದೆ. ಅದೇ ಹುಡುಗಿ, ಅದೇ ಕಥೆ, ಅದೇ ರಾಗ. ಮಣ್ಣು ಮಾತ್ರ ಬಂದಿಲ್ಲ. ನಾಟಿ ಹಚ್ಚುವಾಗ ಸಸಿಯ ಬೇರಿಗೆ ಒಂದು ಮುಷ್ಟಿ ಹಳೆಯ ಮಣ್ಣು ಇರಲಿಕ್ಕೇ ಬೇಕು, ಬೇರು ತೊಳೆದು ಹಚ್ಚಿದರೆ ಬಾಡುತ್ತದೆ. ನನ್ನ ಮೊಮ್ಮಗ ಹತ್ತು ನಿಮಿಷ ನೋಡಿ "ಮುತ್ಯಾ, ಇದಕ್ಕಿಂತ ಮರಾಠಿಯದು ನಮ್ಮದು ಅನಸ್ತೈತಿ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ಅವನ ಮಾತು ಖರೆ ಇತ್ತು. ಆದರೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಕನ್ನಡದ ಸಿನೆಮಾ ಪರಕೀಯ, ಮರಾಠಿಯದು ಸ್ವಂತ. ಹೀಗೇ ಮುಂದುವರಿದರೆ ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಡೊಳ್ಳಿನ ಪದ ಯಾರು ಕೇಳಬೇಕು? ಗಡಿನಾಡ ಕನ್ನಡ ಅಂತ ಭಾಷಣ ಮಾಡುವವರು ಬೋರ್ಡಿನ ಅಕ್ಷರದ ಬಗ್ಗೆ ಮಾತಾಡುತ್ತಾರೆ. ಇದರ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ.

ಹಂಗಾದರೆ ನಮ್ಮ ಸೀಮೆಯದೇ ಆಗಬೇಕು ಅಂತೇನೂ ಇಲ್ಲ ಅಂತ ತೋರಿಸಿದ್ದು 'ತಿಥಿ'. ಅದು ಮಂಡ್ಯದ ಕನ್ನಡ. ಮೊದಲ ಹತ್ತು ನಿಮಿಷ ನಮಗೆ ಕಿವಿಗೇ ಹತ್ತುವುದಿಲ್ಲ, ಬೈಗುಳ ಅಷ್ಟೇ ತಿಳಿಯುತ್ತವೆ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರನ್ನೆಲ್ಲ ಬೈದು, ಗ್ವಾಡಿ ಮಗ್ಗಲು ಕುಸಿದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿಯವರೆಗೆ ಕಥೆ. ರಾಮ್ ರೆಡ್ಡಿ ನಿರ್ದೇಶನ, ಕಥೆಯಲ್ಲಿ ಅದೇ ಊರಿನ ಈರೇಗೌಡರ ಕೈ ಇದೆ. ನಟಿಸಿದವರು ನಟರಲ್ಲ, ನೊದೆಕೊಪ್ಪಲು ಊರಿನ ಮಂದಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆ ದೇಶದವರಿಗೆ ಮಂಡ್ಯದ ಮಾತು ತಿಳಿಯಿತು ಅಂದಮ್ಯಾಲ ಜತ್ತದ ಮಾತು ಯಾಕ ತಿಳಿಯಬಾರದು?

ಮಗ ತಮ್ಮಣ್ಣನಿಗೆ ಹೊಲ ಮಾರಬೇಕು. ಅದಕ್ಕೆ ಬದುಕಿರುವ ತಂದೆ ಗಡ್ಡಪ್ಪನನ್ನು ಊರು ಬಿಟ್ಟು ಕಳಿಸಿ, ಸತ್ತ ಅಂತ ದಾಖಲೆ ಮಾಡಿಸುತ್ತಾನೆ. ನಗುತ್ತ ನೋಡುತ್ತಿದ್ದ ನಮ್ಮ ಕಟ್ಟೆಯ ಮಂದಿ ಅಲ್ಲಿ ಒಮ್ಮೆಲೆ ಸುಮ್ಮನಾದರು. ಏಳು-ಬಾರಾ ಉತಾರಿಯಲ್ಲಿ ಹೆಸರು ಏರಿಸುವ ಇಳಿಸುವ ಜಗಳ ಇಲ್ಲದ ಮನೆ ನಮ್ಮಲ್ಲಿ ಯಾವುದದ? ಗಡ್ಡಪ್ಪ ಹೋಗಿ ಸೇರುವುದು ಕುರಿ ಕಾಯುವವರ ಬೀಡಿಗೆ. ಅದು ನಮ್ಮ ಮಂದಿಯ ಬದುಕು, ಅದಕ್ಕೇ ತಪ್ಪು ಹುಡುಕಬೇಕು ಅಂತಲೇ ಕಣ್ಣಿಟ್ಟು ನೋಡಿದೆ. ಬೆಂಕಿ ಮುಂದೆ ಕುಂತು ಮಾತಾಡುವ ರೀತಿ, ಅಪರಿಚಿತ ಮುದುಕನಿಗೆ ಕೇಳದೇ ಜಾಗ ಕೊಡುವ ರೀತಿ, ಅದರಲ್ಲಿ ತಪ್ಪು ಸಿಗಲಿಲ್ಲ. ಹಿನ್ನೆಲೆಯಲ್ಲಿ ಅಳು ಬರಿಸುವ ಪಿಟೀಲು ಹಾಕಿಲ್ಲ. ಕುರಿ ಒದರುತ್ತವೆ, ಗಾಳಿ ಬೀಸುತ್ತದೆ, ಅಷ್ಟೇ. 'ಡೊಳ್ಳು' ಸಿನೆಮಾದಲ್ಲಿ ನನಗೆ ಬೇಕಾಗಿದ್ದ ಬಯಲಿನ ಸದ್ದು ಡೊಳ್ಳೇ ಇಲ್ಲದ ಈ ಸಿನೆಮಾದಲ್ಲಿ ಸಿಕ್ಕಿತು.

ಹಾಡಿಲ್ಲ, ಹೊಡೆದಾಟ ಇಲ್ಲ ಅಂತ ಹುಡುಗರು ಗೊಣಗಿದರು. ಕುರುಬರ ಹುಡುಗಿ ಕಾವೇರಿಯ ಹಿಂದೆ ಗಡ್ಡಪ್ಪನ ಮೊಮ್ಮಗ ಅಲೆಯುವ ಭಾಗ ಸ್ವಲ್ಪ ಎಳೆದಿದ್ದಾರೆ, ಅದು ನನಗೂ ಬ್ಯಾಸರ ತಂತು. ಉಳಿದದ್ದು ಮತ್ತೊಮ್ಮೆ ನೋಡುವಂಥದ್ದು. ಮುಂದಿನ ಅಮವಾಸಿಗೆ ಭಜನಿ ಮುಗಿದ ಮೇಲೆ ವಾಚನಾಲಯದ ಟಿವಿಯಲ್ಲಿ ಯಾವುದು ಹಚ್ಚೂಣು ಅಂತ ಕೇಳಿದ್ದಾರೆ. ನಾನು ತಿಥಿ ಅಂದಿದ್ದೇನೆ. ಹೆಣ್ಣುಮಕ್ಕಳನ್ನೂ ಕರೆಯಿರಿ, ಬೈಗುಳ ಬಹಳ ಅದಾವ ಅಂತ ಮೊದಲೇ ಹೇಳಿಬಿಡಿರಿ. ಮುಗಿದ ಕೂಡಲೇ ಲೈಟ್ ಹಚ್ಚಿ ಮನೆಗೆ ಓಡಬ್ಯಾಡ್ರಿ, ಒಂದು ತಾಸು ಕೂಡೂಣು. ಗಡ್ಡಪ್ಪನದು ಬಿಡುಗಡೆಯೋ ಬೇಜವಾಬ್ದಾರಿಯೋ ಅನ್ನುವ ಸವಾಲ್ ನಾನು ಹಾಕುವವನಿದ್ದೇನೆ, ಜವಾಬ್ ತಯಾರು ಮಾಡಿಕೊಂಡು ಬರ್ರಿ.