ಬಲಿಪೀಠದ ಮುಂದೆ ನಿಂತ ವಿಮೋಚಕ: ‘ಕೆ.ಜಿ.ಎಫ್’ ಚಿತ್ರದ ಒಂದು ವಿಮರ್ಶೆ

ಪ್ರಶಾಂತ್ ನೀಲ್ ನಿರ್ದೇಶಿಸಿದ ‘ಕೆ.ಜಿ.ಎಫ್’ (2018, 2022) ಚಿತ್ರದ ಎರಡೂ ಭಾಗಗಳಲ್ಲಿ ಅಧಿಕಾರವು ರಕ್ತಸಂಬಂಧದ ಹಾದಿ ಹಿಡಿದು ಸಾಗುತ್ತದೆ. ಸೂರ್ಯವರ್ಧನನು ನರಾಚಿಯ ಗಣಿಯನ್ನು ಮಗ ಗರುಡನಿಗೆ ಒಪ್ಪಿಸುತ್ತಾನೆ. ತಮ್ಮ ಅಧೀರನು ಗರುಡನ ಅಂತ್ಯಕ್ಕಾಗಿ ಕಾದಿರುತ್ತಾನೆ. ಅವರಿಗೆ ಎದುರಾಗುವ ರಾಕಿಗೆ ತಂದೆಯಿಂದ ಬಂದ ಆಸ್ತಿಯಿಲ್ಲ. ಸಿರಿವಂತನಾಗಿಯೇ ಸಾಯುವೆನೆಂದು ತಾಯಿಗೆ ಕೊಟ್ಟ ಮಾತೊಂದೇ ಅವನ ಬಂಡವಾಳ.

ಮೊದಲ ಭಾಗದ ಕೊನೆಯಲ್ಲಿ, ದೇವಿಯ ಮುಂದೆ ಬಲಿಯಾಗಬೇಕಿದ್ದ ಗುಲಾಮನೊಬ್ಬನ ಸ್ಥಾನದಲ್ಲಿ ರಾಕಿ ಇರುತ್ತಾನೆ. ಪರರ ಬದಲಿಗೆ ನಿಲ್ಲುವವನೆಂಬ ಕಲ್ಪನೆ ಕ್ರೈಸ್ತ ಓದುಗರಿಗೆ ಚಿರಪರಿಚಿತ. ಆದರೆ ಇಲ್ಲಿ ಬದಲಿಗೆ ನಿಂತವನು ಗರುಡನ ತಲೆಯನ್ನೇ ತೆಗೆಯುತ್ತಾನೆ. ಬಲಿಪೀಠ ಉರುಳುವುದಿಲ್ಲ, ಬಲಿಯಷ್ಟೇ ಬದಲಾಗುತ್ತದೆ. ಆದ್ದರಿಂದಲೇ ಎರಡನೆಯ ಭಾಗದಲ್ಲಿ ಅಧೀರನು ಹಿಂದಿರುಗುತ್ತಾನೆ. ಗರ್ಭಿಣಿ ರೀನಾ ಅವನ ಗುಂಡಿಗೆ ಬಲಿಯಾಗುತ್ತಾಳೆ. ಸೇಡು ಸೇಡನ್ನೇ ಹೆರುತ್ತದೆ. ಗುಲಾಮರು ಹೊಸ ಒಡೆಯನ ಸೈನಿಕರಾದರೂ ಚಿನ್ನ ಅಗೆಯುವುದು ತಪ್ಪುವುದಿಲ್ಲ.

ಲೆಮೆಕನು ಸೇಡಿಗೆ ಹಾಕಿದ ಲೆಕ್ಕವನ್ನು (ಆದಿಕಾಂಡ 4) ಕ್ರಿಸ್ತನು ಕ್ಷಮೆಯ ಲೆಕ್ಕವಾಗಿಸಿದನು (ಮತ್ತಾಯ 18). ಶಿಲುಬೆಯಲ್ಲಿ ಸೇಡಿನ ಸರಪಳಿ ಕಡಿದುದು ಹೀಗೆ. ಆದರೆ ಈ ಮಾತನ್ನು ದುಡಿದು ಬಳಲಿದವರ ಎದುರು ಹಗುರವಾಗಿ ಆಡಲಾಗದು. ಕೋಲಾರದ ನಿಜವಾದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯ ಧೂಳು ತಂದೆಯರ ಶ್ವಾಸಕೋಶದಲ್ಲಿ ಉಳಿಯಿತು. ಮಕ್ಕಳು ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಕ್ಷಮೆಯನ್ನು ಬೋಧಿಸುವ ಸಭೆಯು ಇವರಿಗೆ ಸಲ್ಲಬೇಕಾದ ನ್ಯಾಯವನ್ನು ಕೇಳದೆ ಹೋದರೆ, ಜನರು ರಾಕಿಯನ್ನೇ ವಿಮೋಚಕನೆಂದು ನಂಬುವುದರಲ್ಲಿ ಆಶ್ಚರ್ಯವೇನಿದೆ?