ಎಸ್‌ಡಿಎಂಸಿ: ಸಹಿ ಹಾಕುವ ಸಮಿತಿಯೇ?

ಸರಕಾರಿ ಶಾಲೆಗಳ ಗುಣಮಟ್ಟ ಕುಸಿದಿದೆಯೆಂಬ ದೂರು ಹಳೆಯದು. ಶಾಲೆಯ ಉಸ್ತುವಾರಿಯನ್ನು ಹೆತ್ತವರಿಗೇ ವಹಿಸಬೇಕೆಂಬ ವಿಚಾರ ಕರ್ನಾಟಕದಲ್ಲಿ 2001ರಲ್ಲಿ ಸರಕಾರಿ ಆದೇಶವಾಯಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಹುಟ್ಟಿಕೊಂಡದ್ದು ಹೀಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂತಹ ಸಮಿತಿಗಳಿಗೆ ಕಾನೂನಿನ ಬಲ ನೀಡಿತು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನದ ಬಳಕೆಯನ್ನು ಗಮನಿಸುವುದು ಮತ್ತು ಶಾಲಾಭಿವೃದ್ಧಿ ಯೋಜನೆ ರೂಪಿಸುವುದು ಸಮಿತಿಯ ಕೆಲಸ. ಆ ಯೋಜನೆಯ ಆಧಾರದಲ್ಲೇ ಸರಕಾರ ಅನುದಾನ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ.

ಕಾಗದದ ಮೇಲಿನ ಈ ಅಧಿಕಾರ ಮಾಲೂರಿನಂತಹ ತಾಲೂಕಿನಲ್ಲಿ ಯಾರಿಗೆ ದಕ್ಕೀತು? ಇಟ್ಟಿಗೆ ಗೂಡುಗಳಲ್ಲಿ, ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವವರು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು ತಮ್ಮ ಮಕ್ಕಳನ್ನು ಕಳುಹಿಸುವುದು ಸರಕಾರಿ ಶಾಲೆಗೆ. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಅವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಮನೆಯಲ್ಲಿ ಉರ್ದು ಅಥವಾ ತೆಲುಗು ಮಾತಾಡುವ, ಕನ್ನಡ ಓದಲು ಬಾರದ ತಾಯಿಯೊಬ್ಬಳ ಮುಂದೆ ನಡಾವಳಿ ಪುಸ್ತಕ ಇಟ್ಟು ಸಹಿ ಮಾಡಮ್ಮ ಎಂದರೆ ಅದು ಉಸ್ತುವಾರಿಯೇ?

ಇನ್ನೊಂದು ವಿಷಯ. ಶಿಕ್ಷಕರು ಸಮಯಕ್ಕೆ ಬಂದರೇ ಎಂದು ಸಮಿತಿ ನೋಡಬಹುದು. ಆದರೆ ಖಾಲಿ ಹುದ್ದೆಗೆ ಕಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರ ಅದಕ್ಕಿಲ್ಲ. ಖಾಲಿ ಹುದ್ದೆಗಳು ಶೇ. 10ನ್ನು ಮೀರಬಾರದೆಂದು ಅದೇ ಕಾಯ್ದೆ ವಿಧಿಸಿದೆ. ಅದನ್ನು ಪಾಲಿಸಬೇಕಾದುದು ಸರಕಾರ. ಗಣಿತ ಹೇಳಿಕೊಡಲು ಜನರಿಲ್ಲದ ಶಾಲೆಯಲ್ಲಿ ಫಲಿತಾಂಶದ ಹೊಣೆಯನ್ನು ಹೆತ್ತವರ ಹೆಗಲಿಗೆ ಹೊರಿಸುವುದು ಅನ್ಯಾಯ.

ಹಾಗೆಂದು ನಾವು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಮಸೀದಿ ಕಮಿಟಿಯ ಲೆಕ್ಕಪತ್ರವನ್ನು ಬಿಗಿಯಾಗಿ ಕೇಳುವ ನಾವು, ಪಕ್ಕದ ಉರ್ದು ಶಾಲೆಯ ಲೆಕ್ಕವನ್ನು ಎಷ್ಟು ಸಲ ಕೇಳಿದ್ದೇವೆ? ಸರಕಾರಿ ಉರ್ದು ಶಾಲೆ ಖಾಸಗಿ ಅಲ್ಪಸಂಖ್ಯಾತ ಸಂಸ್ಥೆಯಲ್ಲ. ಅಲ್ಲಿನ ಸಮಿತಿಗೂ ಕಾನೂನು ಕೊಟ್ಟ ಅಷ್ಟೂ ಅಧಿಕಾರವಿದೆ. ಸಾಮೂಹಿಕ ವ್ಯವಹಾರವನ್ನು ಪರಸ್ಪರ ಸಮಾಲೋಚನೆಯಿಂದ ನಡೆಸಬೇಕೆಂಬ ಕುರ್‌ಆನಿನ ಪಾಠ ಶಾಲೆಗೆ ಅನ್ವಯಿಸುವುದಿಲ್ಲವೇ?

ಸಭೆ ಸಂಜೆ ಅಥವಾ ಭಾನುವಾರ ನಡೆಯಲಿ. ಅನುದಾನದ ಲೆಕ್ಕವನ್ನು ಹೆತ್ತವರ ಭಾಷೆಯಲ್ಲಿ ಓದಿ ಹೇಳಲಿ. ದೂರಿದ್ದರೆ ಲಿಖಿತವಾಗಿ ಸಲ್ಲಿಸೋಣ. ಸ್ಥಳೀಯ ಪ್ರಾಧಿಕಾರ ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಕಾಯ್ದೆಯಲ್ಲೇ ಇದೆ. ಹೆತ್ತವರಿಂದ ಸಹಿಯನ್ನಷ್ಟೇ ಬಯಸುವ ಸಮಿತಿಯಿಂದ ಶಾಲೆ ಸುಧಾರಿಸದು. ಅವರು ಪ್ರಶ್ನೆ ಕೇಳುವಂತಾದರೆ, ಆ ಪ್ರಶ್ನೆಗೆ ಸರಕಾರ ಉತ್ತರಿಸುವಂತಾದರೆ ಮಾತ್ರ ಸುಧಾರಿಸೀತು.