ಕಡಲಿಗೆ ತಕ್ಕ ರೀಲು

ಸ್ಪಿನ್ನಿಂಗ್ ರೀಲಿನ ಆಯಸ್ಸನ್ನು ನಿರ್ಧರಿಸುವುದು ಮೀನಿನ ಎಳೆತಕ್ಕಿಂತ ಹೆಚ್ಚಾಗಿ ಉಪ್ಪು. ಕಡಲಿನಿಂದ ದೂರವಿರುವ ಪುಣೆಯ ಗಾಳಗಾರರು ಇದನ್ನು ಮೊದಲು ಮನಗಾಣಬೇಕು. ಹರಿಹರೇಶ್ವರದ ಬಂಡೆಗಳ ಮೇಲೋ ಬಾಣಕೋಟದ ಬಳಿ ಸಾವಿತ್ರಿ ನದಿಯ ಅಳಿವೆಯಲ್ಲೋ ದಿನವಿಡೀ ದುಡಿದ ರೀಲು ತಾಮ್ಹಿಣಿ ಘಾಟಿ ಹತ್ತಿ ಊರು ಸೇರುವಷ್ಟರಲ್ಲಿ ನೀರು ಆರಿ, ಉಪ್ಪು ಹರಳುಗಟ್ಟಿರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿತೆಂದರೆ ಆ ಹರಳು ತೇವ ಹೀರಿ ಮತ್ತೆ ನೀರಾಗುತ್ತದೆ. ಪುಣೆಯ ಮಳೆಗಾಲದಲ್ಲಿ ತೇವಾಂಶ ಅಷ್ಟು ಏರುವುದು ಮಾಮೂಲು. ಕಡಲು ಕೆರಳಿ ರೀಲುಗಳು ಕಪಾಟು ಸೇರುವ ತಿಂಗಳುಗಳೂ ಅವೇ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಕೂಡುವಲ್ಲಿ ಈ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಆದ್ದರಿಂದ ರೀಲುಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ನೀರು ಒಳನುಗ್ಗದಂತೆ ತಡೆಯುವ ಸೀಲ್. ಬೇರಿಂಗ್‌ಗಳ ಎಣಿಕೆಗೆ ಅಂಗಡಿಗಳಲ್ಲಿ ಸಿಗುವ ಮರ್ಯಾದೆ ಅತಿಯಾಯಿತು. ಸೀಲ್ ಇಲ್ಲದ ಹತ್ತು ಬೇರಿಂಗ್ ಎಂದರೆ ತುಕ್ಕು ಹಿಡಿಯಲು ಹತ್ತು ಜಾಗ. ಪೆನ್ ಕಂಪನಿಯ ಸ್ಪಿನ್‌ಫಿಶರ್ 6 ರೀಲಿಗೆ ಐಪಿಎಕ್ಸ್5 ದರ್ಜೆಯಿದೆ, ಸ್ಲ್ಯಾಮರ್ 4ಕ್ಕೆ ಐಪಿಎಕ್ಸ್6. ಮೊದಲನೆಯದಕ್ಕೆ ನಿಮಿಷಕ್ಕೆ 12.5 ಲೀಟರ್, ಎರಡನೆಯದಕ್ಕೆ 100 ಲೀಟರ್ ನೀರು ಚಿಮ್ಮಿಸಿ ನೋಡುತ್ತಾರೆ. ಎರಡೂ ಎರಚುವ ನೀರಿನ ಪರೀಕ್ಷೆಗಳು, ಮುಳುಗಿಸುವ ಪರೀಕ್ಷೆಗಳಲ್ಲ. ಬಂಡೆಯ ಮೇಲೆ ಅಲೆಗೆ ಸಿಕ್ಕಿ ಪೂರ್ತಿ ಮುಳುಗಿದ ರೀಲನ್ನು, ದರ್ಜೆ ಏನೇ ಇರಲಿ, ಬಿಚ್ಚಿ ನೋಡುವುದೇ ಸರಿ.

ಡೈವಾದ ಸಾಲ್ಟಿಗಾ ಹಿಡಿದದ್ದು ಬೇರೆ ದಾರಿ. ಅಲ್ಲಿ ಅಯಸ್ಕಾಂತ ಹಿಡಿದಿಟ್ಟ ಎಣ್ಣೆಯ ಪೊರೆಯೇ ಸಂದಿಯನ್ನು ಮುಚ್ಚುತ್ತದೆ. ರಬ್ಬರಿನ ಉಜ್ಜಾಟವಿಲ್ಲದ್ದರಿಂದ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ, ಆ ಸುಖವೇ ಬೇರೆ. ಆದರೆ ಮನೆಯಲ್ಲಿ ಬಿಚ್ಚಿದರೆ ಪೊರೆ ಕೆಡುತ್ತದೆ. ತಾವೇ ಗ್ರೀಸ್ ಹಾಕಿಕೊಳ್ಳುವವರಿಗೆ ತುಸು ಬಿಗಿಯೆನಿಸಿದರೂ ಸ್ಪಿನ್‌ಫಿಶರ್ ಮೇಲು. ಕಡಿಮೆ ಬೆಲೆಯಲ್ಲಿ ಡೈವಾ ಬಿಜಿ ಒಳ್ಳೆಯದು: ಗಟ್ಟಿ ಅಲ್ಯೂಮಿನಿಯಂ ಮೈ, ದೊಡ್ಡ ಗಿಯರ್. ಸೀಲ್‌ನ ಬಲ ಕಡಿಮೆಯಾದ್ದರಿಂದ ಆರೈಕೆ ಮಾತ್ರ ಹೆಚ್ಚು ಬೇಕು.

ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಡ್ರ್ಯಾಗ್‌ನ ಗರಿಷ್ಠ ಅಂಕಿಗೆ ಮರುಳಾಗಬೇಕಿಲ್ಲ. ಅಳಿವೆಯ ಜಿತಾಡಾ ಮೀನಿಗೆ 30 ಪೌಂಡಿನ ಬ್ರೇಡ್ ದಾರ ಹಾಕಿದರೆ ಡ್ರ್ಯಾಗ್ ಬಿಗಿಯಬೇಕಾದದ್ದು ದಾರದ ಬಲದ ಕಾಲುಭಾಗದಿಂದ ಮೂರನೇ ಒಂದರಷ್ಟು, ಅಂದರೆ ನಾಲ್ಕು ಕಿಲೋ ಆಸುಪಾಸು. ಬಿಜಿ 4000ರ 8 ಕಿಲೋ, ಸ್ಪಿನ್‌ಫಿಶರ್ 4500ರ 11 ಕಿಲೋ ಎರಡೂ ಅದಕ್ಕೆ ಧಾರಾಳ. ನೋಡಬೇಕಾದದ್ದು ಮೀನು ಓಡಿದ ಕ್ಷಣ ಸ್ಪೂಲ್ ಜಗ್ಗದೆ ನಯವಾಗಿ ತಿರುಗುತ್ತದೆಯೇ ಎಂಬುದನ್ನು. ಬಂಡೆಯಿಂದ ಜಿಟಿ (ಜೈಂಟ್ ಟ್ರೆವಲಿ) ಮೀನಿಗೆ ಗುರಿಯಿಟ್ಟವರಿಗೆ 8000ಕ್ಕಿಂತ ಚಿಕ್ಕ ರೀಲು ಸಾಲದು. ಒಂದು ಕಂಪನಿಯ 4000 ಮತ್ತೊಂದರ 4000ದಷ್ಟೇ ದೊಡ್ಡದಾಗಿರಬೇಕೆಂದೂ ಇಲ್ಲ.

ಯಾವ ರೀಲಾದರೂ ಘಾಟಿ ಹತ್ತುವ ಮುನ್ನವೇ ಡ್ರ್ಯಾಗ್ ಬಿಗಿದು, ಸಿಹಿನೀರನ್ನು ರಭಸವಿಲ್ಲದೆ ಹರಿಸಿ ತೊಳೆಯಬೇಕು. ದಾರ ಹಾಯುವ ರೋಲರ್‌ಗೆ ವಿಶೇಷ ಗಮನ ಬೇಕು, ಮೊದಲು ಕೆಡುವುದು ಅದೇ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿಟ್ಟರೆ ವಾಷರ್‌ಗಳು ಅಮುಕಿಹೋಗುವುದಿಲ್ಲ.